ಕ್ಯಾಮೆರಾ ಕೈಗೆ ಬಂತು, ಟಾಕೀಸು ಬರಲಿಲ್ಲ

ದಕಾರ್ ನಗರದ ಗಾಡಿಯವನೊಬ್ಬ ಬೆಳಗಿನ ನಮಾಜು ಮುಗಿಸಿ, ಕುದುರೆ ಹೂಡಿಕೊಂಡು ಬಾಡಿಗೆಗೆ ಹೊರಡುತ್ತಾನೆ. ಹತ್ತಿದವರೆಲ್ಲ ದುಡ್ಡು ಕೊಡುವವರಲ್ಲ. ಕೆಲವರು ಕೈಕುಲುಕಿ ಇಳಿದು ಹೋಗುತ್ತಾರೆ. ಸಿಕ್ಕ ಅಷ್ಟಿಷ್ಟು ಕಾಸನ್ನೂ ಅವನ ವಂಶವನ್ನು ಹೊಗಳಿ ಹಾಡುವ ಹಾಡುಗಾರನೊಬ್ಬ ಈಸಿಕೊಳ್ಳುತ್ತಾನೆ. ಸತ್ತ ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ತಂದೆಯೊಬ್ಬನನ್ನು ಸ್ಮಶಾನದವರೆಗೆ ಕರೆದೊಯ್ದರೆ, ಕಾಗದಪತ್ರ ಸರಿಯಿಲ್ಲವೆಂದು ಬಾಗಿಲಲ್ಲೇ ತಡೆಯುತ್ತಾರೆ. ಕೊನೆಗೆ ಸೂಟು ಹಾಕಿದ ಗಿರಾಕಿಯೊಬ್ಬ ಸಿರಿವಂತರಿರುವ ಪ್ಲಾಟೋ ಬಡಾವಣೆಗೆ ಗಾಡಿ ಹೊಡೆಸುತ್ತಾನೆ. ಅಲ್ಲಿ ಕುದುರೆಗಾಡಿಗಳಿಗೆ ಪ್ರವೇಶವಿಲ್ಲ. ಪೊಲೀಸಿನವನು ತಡೆದು ಕಾಗದ ಕೇಳುತ್ತಾನೆ. ತಡಕಾಡುವಾಗ ಗಾಡಿಯವನ ಯುದ್ಧದ ಪದಕ ನೆಲಕ್ಕೆ ಬೀಳುತ್ತದೆ. ಪೊಲೀಸಿನವನ ಬೂಟು ಅದರ ಮೇಲೆ ಊರುತ್ತದೆ. ಗಾಡಿ ಜಪ್ತಿಯಾಗಿ, ಬರೀ ಕುದುರೆ ಹಿಡಿದುಕೊಂಡು ಮನೆಗೆ ಬಂದವನ ಕೈಗೆ ಹೆಂಡತಿ ಮಗುವನ್ನು ಕೊಟ್ಟು, ರಾತ್ರಿಯ ಊಟಕ್ಕೆ ದಾರಿ ಮಾಡಲು ತಾನೇ ಹೊರಗೆ ಹೋಗುತ್ತಾಳೆ.

ಸುಮಾರು ಇಪ್ಪತ್ತು ನಿಮಿಷದ ಈ ಕಪ್ಪುಬಿಳುಪು ಚಿತ್ರದ ಹೆಸರು ‘ಬೊರೊಮ್ ಸರೆ’. 1963ರಲ್ಲಿ ಉಸ್ಮಾನ್ ಸೆಂಬೆನ್ ಇದನ್ನು ಮಾಡಿದಾಗ ಸೆನೆಗಲ್ ಸ್ವತಂತ್ರವಾಗಿ ಮೂರು ವರ್ಷವಾಗಿತ್ತು. ಸಹಾರಾದ ಕೆಳಗಿನ ಆಫ್ರಿಕಾದ ಕಪ್ಪು ನಿರ್ದೇಶಕನೊಬ್ಬ ತನ್ನ ನೆಲದಲ್ಲೇ ತೆಗೆದ ಮೊದಲ ಚಿತ್ರಗಳ ಮಾತು ಬಂದಾಗಲೆಲ್ಲ ಈ ಹೆಸರು ಮುಂದೆ ಬರುತ್ತದೆ. ಪದಕದ ಮೇಲೆ ಕಾಲಿಟ್ಟ ಆ ಪೊಲೀಸಿನವನು ಬಿಳಿಯನಲ್ಲ ಎನ್ನುವುದನ್ನು ಗಮನಿಸಬೇಕು. ಅವನು ಹೊಸ ಸರ್ಕಾರದ, ಹೊಸ ದೇಶದ ಪೊಲೀಸು. ಬಾವುಟ ಬದಲಾದರೂ ಪ್ಲಾಟೋ ಬಡಾವಣೆಯ ಬಾಗಿಲು ಗಾಡಿಯವನಿಗೆ ತೆರೆಯಲಿಲ್ಲ ಎಂಬುದನ್ನು ಹೇಳಲು ಆಫ್ರಿಕಾದ ಸಿನಿಮಾ ಹತ್ತು ವರ್ಷ ಕಾಯಲಿಲ್ಲ, ಹುಟ್ಟುತ್ತಲೇ ಹೇಳಿತು.

ಸಿನಿಮಾ ಅಲ್ಲಿಗೆ ಹೊಸತೇನೂ ಆಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ದಕಾರ್‌ನಲ್ಲಿ ಚಿತ್ರಪ್ರದರ್ಶನಗಳು ನಡೆದಿದ್ದವು. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ತೆಗೆಯುವುದಕ್ಕೆ. 1934ರಲ್ಲಿ ಫ್ರಾನ್ಸಿನ ವಸಾಹತು ಮಂತ್ರಿ ಪಿಯೆರ್ ಲಾವಾಲ್ ಹೊರಡಿಸಿದ ಆಜ್ಞೆಯ ಪ್ರಕಾರ ಆಫ್ರಿಕಾದ ವಸಾಹತುಗಳಲ್ಲಿ ಯಾರೇ ಚಿತ್ರ ತೆಗೆಯಬೇಕಾದರೂ ಸರ್ಕಾರದ ಅನುಮತಿ ಬೇಕು, ಚಿತ್ರಕಥೆಯನ್ನು ಮುಂಚಿತವಾಗಿ ಒಪ್ಪಿಸಬೇಕು. ಆಫ್ರಿಕನ್ನರ ಕೈಗೆ ಕ್ಯಾಮೆರಾ ಸಿಗದಂತೆ ನೋಡಿಕೊಳ್ಳಲು ಇಷ್ಟು ಸಾಕಾಗಿತ್ತು. ಫ್ರೆಂಚರನ್ನೇ ಅದು ಬಿಡಲಿಲ್ಲ. ರೆನೆ ವೋತಿಯೆ ಎಂಬ ತರುಣ ಪಶ್ಚಿಮ ಆಫ್ರಿಕಾದಲ್ಲಿ ವಸಾಹತು ದಬ್ಬಾಳಿಕೆಯನ್ನು ಚಿತ್ರೀಕರಿಸಿ ‘ಆಫ್ರಿಕ್ 50’ ಮಾಡಿದಾಗ, ಚಿತ್ರ ನಿಷೇಧಕ್ಕೊಳಗಾಯಿತು, ಅವರು ಜೈಲು ಕಂಡರು. ನಿಷೇಧ ನಾಲ್ಕು ದಶಕ ಮುಂದುವರಿಯಿತು.

ಪ್ಯಾರಿಸ್ಸಿನ ಸಿನಿಮಾ ಶಾಲೆಯಲ್ಲಿ ಓದಿದ ಮೊದಲ ಆಫ್ರಿಕನ್ ಪೋಲಾಂ ಸುಮಾನು ವಿಯೆರಾ. ಇಂದಿನ ಬೆನಿನ್ ದೇಶದ ಪೋರ್ಟೊ ನೊವೊದಲ್ಲಿ ಹುಟ್ಟಿದವರು. 1955ರಲ್ಲಿ ಅವರು ಗೆಳೆಯರ ಜತೆಗೂಡಿ ಚಿತ್ರ ಮಾಡಲು ಹೊರಟಾಗ ಆಫ್ರಿಕಾದಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಗಲಿಲ್ಲ. ಹೀಗಾಗಿ ಪ್ಯಾರಿಸ್ಸಿನಲ್ಲಿರುವ ಆಫ್ರಿಕನ್ನರ ಮೇಲೆಯೇ ‘ಆಫ್ರಿಕ್ ಸುರ್ ಸೇನ್’ ತೆಗೆದರು. ತಮ್ಮ ಊರನ್ನು ತೋರಿಸಲು ಬಿಡದವರ ಊರಿನಲ್ಲಿ ನಿಂತು ತಮ್ಮ ಜನರನ್ನು ತೋರಿಸಿದರು. ಮುಂದೆ ಇದೇ ವಿಯೆರಾ ಸೆನೆಗಲ್ ಸರ್ಕಾರದ ಸುದ್ದಿಚಿತ್ರ ವಿಭಾಗವನ್ನು ನೋಡಿಕೊಂಡರು, ಸೆಂಬೆನ್ ಅವರ ಹಲವು ಚಿತ್ರಗಳ ನಿರ್ಮಾಣಕ್ಕೆ ಹೆಗಲು ಕೊಟ್ಟರು, ಆಫ್ರಿಕಾದ ಸಿನಿಮಾ ಚರಿತ್ರೆಯನ್ನೂ ಬರೆದರು. ತೆರೆಯ ಮೇಲೆ ಹೆಸರು ದೊಡ್ಡದಾಗಿ ಕಾಣದ ಇಂಥವರಿಲ್ಲದೆ ಯಾವ ದೇಶದ ಸಿನಿಮಾವೂ ನಿಲ್ಲುವುದಿಲ್ಲ.

ಸೆಂಬೆನ್ ಅವರದು ಬೇರೆಯೇ ದಾರಿ. 1923ರಲ್ಲಿ ಸೆನೆಗಲ್‌ನ ದಕ್ಷಿಣಕ್ಕಿರುವ ಕಾಸಮಾನ್ಸ್ ಸೀಮೆಯ ಜಿಗಿಂಶೋರ್ ಪಟ್ಟಣದಲ್ಲಿ ಮೀನುಗಾರನ ಮಗನಾಗಿ ಹುಟ್ಟಿದರು. ಶಾಲೆ ಅರ್ಧಕ್ಕೇ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಸೇರಿದರು. ಆಮೇಲೆ ಮಾರ್ಸೇ ಬಂದರಿನಲ್ಲಿ ಹಡಗಿನಿಂದ ಸರಕು ಇಳಿಸುವ ಹಮಾಲಿಯಾದರು, ಕಾರ್ಮಿಕ ಸಂಘ ಸೇರಿದರು, ಕಮ್ಯುನಿಸ್ಟ್ ಪಕ್ಷ ಸೇರಿದರು. ಓದು ಕಲಿತದ್ದು ಸಂಘದ ಗ್ರಂಥಾಲಯಗಳಲ್ಲಿ. ಬಂದರಿನ ಬದುಕನ್ನೇ ಕಾದಂಬರಿಯಾಗಿಸಿ 1956ರಲ್ಲಿ ಲೇಖಕರಾದರು. ದಕಾರ್–ನೈಜರ್ ರೈಲ್ವೆ ಕಾರ್ಮಿಕರ 1947–48ರ ಮುಷ್ಕರದ ಮೇಲೆ 1960ರಲ್ಲಿ ಬಂದ ಕಾದಂಬರಿ ಅವರಿಗೆ ದೊಡ್ಡ ಹೆಸರು ತಂದಿತು.

ಹೆಸರು ಬಂತು, ಆದರೆ ಯಾರ ಬಗ್ಗೆ ಬರೆದರೋ ಅವರಿಗೆ ಪುಸ್ತಕ ತಲುಪುತ್ತಿರಲಿಲ್ಲ. ರೈಲು ಹಳಿಯ ಮೇಲೆ ದುಡಿದವನಿಗೆ ಫ್ರೆಂಚ್ ಓದಲು ಬರುವುದಿಲ್ಲ. ಈ ಸಂಕಟ ಸೆಂಬೆನ್ ಅವರನ್ನು ಸಿನಿಮಾಕ್ಕೆ ತಳ್ಳಿತು. ನಲವತ್ತರ ಹೊಸ್ತಿಲಲ್ಲಿದ್ದ, ಆಗಲೇ ಹೆಸರಾಂತ ಲೇಖಕರಾಗಿದ್ದ ಮನುಷ್ಯ 1962ರಲ್ಲಿ ಮಾಸ್ಕೋಗೆ ಹೋಗಿ, ಗೋರ್ಕಿ ಸ್ಟುಡಿಯೊದಲ್ಲಿ ನಿರ್ದೇಶಕ ಮಾರ್ಕ್ ದೊನ್‌ಸ್ಕೊಯ್ ಅವರ ಕೈಕೆಳಗೆ ವಿದ್ಯಾರ್ಥಿಯಾಗಿ ಕುಳಿತರು. ಸಿನಿಮಾವನ್ನು ಅವರು ಜನರ ರಾತ್ರಿಶಾಲೆ ಎಂದು ಕರೆಯುತ್ತಿದ್ದರು. ಹಗಲು ದುಡಿದು ಬಂದವನು ಸಂಜೆ ಕುಳಿತು ಕಲಿಯುವ ಜಾಗ ಅದು ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿಂದ ಕಥೆಗೆ ತಿರುವು ಬರುತ್ತದೆ. ಹೊಸ ದೇಶಗಳಲ್ಲಿ ಸ್ಟುಡಿಯೊ ಇಲ್ಲ, ಫಿಲ್ಮ್ ತೊಳೆಯುವ ಲ್ಯಾಬ್ ಇಲ್ಲ, ಸಂಕಲನದ ಟೇಬಲ್ಲಿಲ್ಲ. ತೆಗೆದ ರೀಲು ವಿಮಾನದಲ್ಲಿ ಪ್ಯಾರಿಸ್ಸಿಗೆ ಹೋಗಬೇಕು, ಅಲ್ಲಿ ತೊಳೆದು, ಕತ್ತರಿಸಿ, ಜೋಡಿಸಿ ವಾಪಸು ಬರಬೇಕು. ಇದನ್ನು ಕಂಡ ಫ್ರಾನ್ಸ್ 1963ರಲ್ಲಿ ತನ್ನ ಸಹಕಾರ ಮಂತ್ರಾಲಯದಲ್ಲಿ ಸಿನಿಮಾ ಕಚೇರಿಯೊಂದನ್ನು ತೆರೆಯಿತು. ಆಫ್ರಿಕಾದ ನಿರ್ದೇಶಕರಿಗೆ ಹಣ, ಸಲಕರಣೆ, ಸಂಕಲನದ ಸೌಲಭ್ಯ ಅಲ್ಲಿ ಸಿಗುತ್ತಿತ್ತು; ಬದಲಿಗೆ ಚಿತ್ರಗಳನ್ನು ತನ್ನ ಸಾಂಸ್ಕೃತಿಕ ಕೇಂದ್ರಗಳಲ್ಲಿ ತೋರಿಸುವ ಹಕ್ಕನ್ನು ಫ್ರಾನ್ಸ್ ಪಡೆಯುತ್ತಿತ್ತು. ಈ ನೆರವಿಲ್ಲದಿದ್ದರೆ ಆ ಕಾಲದ ಎಷ್ಟೋ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ ಎನ್ನುವುದನ್ನು ಒಪ್ಪಲೇಬೇಕು. ಆದರೆ ಹಣ ಕೊಡುವವನು ಕಥೆ ಓದುತ್ತಾನೆ. ತನ್ನ ಮುಖಕ್ಕೆ ಕನ್ನಡಿ ಹಿಡಿಯುವ ಕಥೆ ಅವನಿಗೆ ರುಚಿಸುವುದಿಲ್ಲ.

ಸೆಂಬೆನ್ ಅವರ ‘ಲಾ ನುವಾರ್ ದ’ ಚಿತ್ರಕಥೆಯನ್ನು ಆ ಕಚೇರಿ ತಿರಸ್ಕರಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ದಕಾರ್‌ನ ಫ್ರೆಂಚ್ ಕುಟುಂಬವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ದುವಾನಾ ಎಂಬ ಹುಡುಗಿಯನ್ನು ಮನೆಯವರು ಫ್ರಾನ್ಸಿನ ಕಡಲತೀರದ ಆಂತಿಬ್ ಪಟ್ಟಣಕ್ಕೆ ಕರೆಸಿಕೊಳ್ಳುತ್ತಾರೆ. ಅವಳು ಒಳ್ಳೆಯ ಉಡುಪು ತೊಟ್ಟು, ಹೀಲ್ಸ್ ಮೆಟ್ಟಿಕೊಂಡು ಕನಸು ಕಟ್ಟಿಕೊಂಡು ಹೋಗುತ್ತಾಳೆ. ಅಲ್ಲಿ ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ಬಿಟ್ಟು ಅವಳಿಗೆ ಬೇರೆ ಫ್ರಾನ್ಸ್ ಕಾಣುವುದೇ ಇಲ್ಲ. ತಾನೇ ಹಿಂದೆ ಪ್ರೀತಿಯಿಂದ ಉಡುಗೊರೆಯಾಗಿ ಕೊಟ್ಟಿದ್ದ ಮರದ ಮುಖವಾಡ ಯಜಮಾನರ ಗೋಡೆಯ ಮೇಲೆ ಅಲಂಕಾರವಾಗಿ ತೂಗುತ್ತಿರುತ್ತದೆ. ಒಂದು ದಿನ ದುವಾನಾ ಆ ಮುಖವಾಡವನ್ನು ಕಿತ್ತುಕೊಳ್ಳುತ್ತಾಳೆ, ಕೊಟ್ಟ ಸಂಬಳವನ್ನು ವಾಪಸು ಮಾಡುತ್ತಾಳೆ, ಬಚ್ಚಲಮನೆಯಲ್ಲಿ ಪ್ರಾಣ ಬಿಡುತ್ತಾಳೆ. ಫ್ರಾನ್ಸಿನ ಪತ್ರಿಕೆಯೊಂದರಲ್ಲಿ ಬಂದಿದ್ದ ನಿಜ ಸುದ್ದಿಯೇ ಈ ಕಥೆಗೆ ಮೂಲ.

ಚಿತ್ರ 1966ರಲ್ಲಿ ಮುಗಿಯಿತು; ಫ್ರಾನ್ಸಿನಲ್ಲೇ ಜ್ಯಾಂ ವಿಗೊ ಪ್ರಶಸ್ತಿ ಪಡೆಯಿತು. ಅದೇ ವರ್ಷ ಟ್ಯುನೀಶಿಯದಲ್ಲಿ ತಾಹರ್ ಶೆರಿಯಾ ಆರಂಭಿಸಿದ ಕಾರ್ತೇಜ್ ಚಿತ್ರೋತ್ಸವದ ಮೊದಲ ಸುವರ್ಣ ತಾನಿತ್ ಕೂಡ ಇದಕ್ಕೇ ಬಂತು. ತಿರಸ್ಕರಿಸಿದ್ದ ಸಿನಿಮಾ ಕಚೇರಿಯೇ ಆಮೇಲೆ ಇದರ ಹಕ್ಕನ್ನು ಕೊಂಡುಕೊಂಡಿತು. ಆದರೂ ಚಿತ್ರದ ಮೈಮೇಲೆ ಪರಾವಲಂಬನೆಯ ಗುರುತುಗಳು ಉಳಿದೇ ಇವೆ. ಫ್ರಾನ್ಸಿನ ಸಿನಿಮಾ ನಿಯಮಗಳ ಕಾರಣದಿಂದ ಅದನ್ನು ಒಂದು ಗಂಟೆಯೊಳಗೆ ಇಳಿಸಬೇಕಾಯಿತು. ಬಣ್ಣದ ಒಂದು ಭಾಗ ಹೋಯಿತು. ಇನ್ನೊಂದು ಗುರುತು ಕಣ್ಣಿಗಲ್ಲ, ಕಿವಿಗೆ ಕೇಳುತ್ತದೆ. ತೆರೆಯ ಮೇಲೆ ಕಾಣುವುದು ಸೆನೆಗಲ್‌ನ ಎಂಬಿಸಿನ್ ತೆರೇಸ್ ದಿಯೊಪ್. ಆದರೆ ದುವಾನಾಳ ಮನಸ್ಸಿನ ಮಾತು ಹೈಟಿಯ ಗಾಯಕಿ ತೊತೊ ಬಿಸಾಂತ್ ದನಿಯಲ್ಲಿ, ಫ್ರೆಂಚಿನಲ್ಲಿ ಬರುತ್ತದೆ. ಅಕ್ಷರವೇ ಬರದ ಹುಡುಗಿ ತನ್ನ ದುಃಖವನ್ನು ತನಗೆ ತಾನೇ ಹೇಳಿಕೊಳ್ಳುವುದು ಯಜಮಾನಿಯ ಭಾಷೆಯಲ್ಲಿ!

ಈ ಮುಳ್ಳನ್ನು ಸೆಂಬೆನ್ ಎರಡೇ ವರ್ಷದಲ್ಲಿ ಕಿತ್ತರು. 1968ರ ‘ಮಂದಾಬಿ’ ಸೆನೆಗಲ್ ಜನರಾಡುವ ವೊಲೊಫ್ ಭಾಷೆಯ ಮೊದಲ ಪೂರ್ಣಪ್ರಮಾಣದ ಚಿತ್ರ. ಹಣದ ದೊಡ್ಡ ಪಾಲು ಮತ್ತೆ ಫ್ರಾನ್ಸಿನ ಸರ್ಕಾರಿ ಸಿನಿಮಾ ನಿಧಿಯದೇ. ಬಣ್ಣದಲ್ಲೇ ಆಗಬೇಕೆಂದು ಪಟ್ಟು ಹಿಡಿದದ್ದು ಫ್ರೆಂಚ್ ನಿರ್ಮಾಪಕ. ಫ್ರೆಂಚಿನಲ್ಲೊಂದು, ವೊಲೊಫ್‌ನಲ್ಲೊಂದು ಎಂದು ಎರಡೆರಡು ಆವೃತ್ತಿ ತೆಗೆಯಬೇಕಾಯಿತು. ಜಗತ್ತು ನೆನಪಿಟ್ಟುಕೊಂಡದ್ದು ವೊಲೊಫ್ ಚಿತ್ರವನ್ನು.

ಕಥೆ ನಮ್ಮ ಯಾವ ತಾಲ್ಲೂಕು ಕಚೇರಿಯ ಮುಂದೆ ಬೇಕಾದರೂ ನಡೆಯಬಹುದು. ಇಬ್ಬರು ಹೆಂಡಿರು, ಏಳು ಮಕ್ಕಳ ಇಬ್ರಾಹಿಮಾ ಜಿಯೆಂಗ್‌ಗೆ ಕೆಲಸವಿಲ್ಲ, ಆದರೆ ಗತ್ತಿಗೆ ಕೊರತೆಯಿಲ್ಲ. ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಅವನ ಸೋದರಳಿಯ 25,000 ಫ್ರಾಂಕಿನ ಮನಿಯಾರ್ಡರ್ ಕಳಿಸುತ್ತಾನೆ. ಅದರಲ್ಲಿ 2,000 ಮಾತ್ರ ಜಿಯೆಂಗ್‌ನದು, 3,000 ಹುಡುಗನ ತಾಯಿಗೆ, ಉಳಿದ 20,000 ಹುಡುಗನ ಹೆಸರಲ್ಲಿ ಜೋಪಾನವಾಗಿಡಬೇಕು. ಸುದ್ದಿ ಓಣಿಯಲ್ಲಿ ಹರಡುತ್ತದೆ. ದುಡ್ಡು ಕೈಗೆ ಬರುವ ಮುಂಚೆಯೇ ಹೆಂಡಿರು ಅಂಗಡಿಯಲ್ಲಿ ಉದ್ದರಿ ಅಕ್ಕಿ ತರುತ್ತಾರೆ, ನೆಂಟರಿಷ್ಟರು ಸಾಲ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ. ಅಂಚೆ ಕಚೇರಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಗುರುತಿನ ಚೀಟಿಗೆ ಜನನ ಪತ್ರ ಬೇಕು, ಫೋಟೊ ಬೇಕು, ಸ್ಟಾಂಪು ಬೇಕು. ಯಾವ ದಿನ ಹುಟ್ಟಿದೆ ಎಂದು ಗುಮಾಸ್ತ ಗದರಿದರೆ ಅವನಿಗೆ ಉತ್ತರ ಗೊತ್ತಿಲ್ಲ. ಫೋಟೊದವನು ದುಡ್ಡು ಹೊಡೆಯುತ್ತಾನೆ. ಕೊನೆಗೆ ಓದಿದ ನೆಂಟನೊಬ್ಬ ನೆರವಿಗೆ ಬರುವವನಂತೆ ಬಂದು, ತನ್ನ ಹೆಸರಿಗೆ ಅಧಿಕಾರಪತ್ರ ಬರೆಸಿಕೊಂಡು, ಹಣ ತಾನು ತೆಗೆದುಕೊಂಡು, ಜೇಬುಗಳ್ಳರು ಹೊಡೆದರೆಂದು ಹೇಳಿ ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸುತ್ತಾನೆ.

ಮಾಖುರೆಜಿಯಾ ಗೇಯ್ ಎಂಬ ನಟ ಜಿಯೆಂಗ್ ಪಾತ್ರವನ್ನು ಮಾಡಿದ ರೀತಿ ಮರೆಯುವಂಥದ್ದಲ್ಲ. ದೊಗಲೆ ನಿಲುವಂಗಿಯ ತೋಳನ್ನು ಹೆಗಲಿಗೇರಿಸಿಕೊಳ್ಳುತ್ತ ನಡೆಯುವ ಆ ಠೀವಿ, ಕಿಟಕಿಯ ಆಚೆ ಕುಳಿತ ಗುಮಾಸ್ತನ ಮುಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬರುತ್ತದೆ. ನೋಡುವವರು ನಗುತ್ತ ನಗುತ್ತಲೇ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡ ಸಂಗತಿ ದಕಾರ್‌ನ ಪ್ರೇಕ್ಷಕರದು. ಅವರ ಬೈಗುಳ, ಅವರ ಚೌಕಾಸಿ, ಅವರ ಕುಶಲೋಪರಿ ತೆರೆಯ ಮೇಲಿಂದ ಅವರ ಕಿವಿಗೇ ಬಂತು.

ಇಷ್ಟಾದರೂ ಸೆನೆಗಲ್‌ಗೆ ಒಂದು ಸಿನಿಮಾ ಬಂದಿತ್ತೇ ಹೊರತು ಸಿನಿಮಾರಂಗ ಬಂದಿರಲಿಲ್ಲ. ಏಕೆಂದರೆ ಟಾಕೀಸುಗಳು ಬೇರೆಯವರ ಕೈಯಲ್ಲಿದ್ದವು.

ಫ್ರೆಂಚ್ ಆಡಳಿತದಿಂದ ಬಿಡುಗಡೆಯಾದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ದೇಶಗಳಲ್ಲಿ ಚಿತ್ರ ಹಂಚಿಕೆ, ಪ್ರದರ್ಶನ ಎರಡನ್ನೂ ಹಿಡಿದಿದ್ದವು ಕೊಮಾಸಿಕೊ ಮತ್ತು ಸೆಕ್ಮಾ ಎಂಬ ಎರಡು ಫ್ರೆಂಚ್ ಕಂಪನಿಗಳು. ಸೀಮೆಯನ್ನು ಅವು ತಮ್ಮೊಳಗೇ ಹಂಚಿಕೊಂಡಿದ್ದವು. ಯಾವ ಊರಿನಲ್ಲಿ ಯಾವ ಚಿತ್ರ ಓಡಬೇಕು ಎನ್ನುವುದು ಅವರ ಕಚೇರಿಯಲ್ಲಿ ನಿರ್ಧಾರವಾಗುತ್ತಿತ್ತು. ಹಳೆಯ ಅಮೆರಿಕನ್ ಕೌಬಾಯ್ ಚಿತ್ರ, ಫ್ರೆಂಚ್ ಪತ್ತೇದಾರಿ, ಈಜಿಪ್ಟಿನ ಹಾಡುಕುಣಿತ, ಅದರ ಜತೆ ನಮ್ಮ ಹಿಂದಿ ಚಿತ್ರಗಳನ್ನು ಅವು ಅಗ್ಗದ ದರಕ್ಕೆ ಗಂಟುಗಟ್ಟಿ ತರುತ್ತಿದ್ದವು. ಮೆಹಬೂಬ್ ಖಾನ್ ಅವರ ‘ಆನ್’ ಫ್ರೆಂಚ್ ಮಾತನಾಡುವ ನಾಡುಗಳಲ್ಲಿ ‘ಮಂಗಳಾ, ಭಾರತದ ಮಗಳು’ ಎಂಬ ಅರ್ಥದ ಹೆಸರಿನಲ್ಲಿ ಓಡಿತು. ‘ಮದರ್ ಇಂಡಿಯಾ’ ನೋಡಿ ಅತ್ತ ತಲೆಮಾರುಗಳು ಅಲ್ಲಿವೆ. ಜನ ಮನಸಾರೆ ನೋಡಿದ ಆ ಚಿತ್ರಗಳ ಮೇಲೆ ದೂರಿಲ್ಲ. ಆದರೆ ವಿತರಕನಿಗೆ ಲೆಕ್ಕ ಬೇರೆ. ಹತ್ತು ದೇಶದಲ್ಲಿ ಓಡಿ ಲಾಭ ಮಾಡಿದ ಚಿತ್ರ ಚಿಲ್ಲರೆ ದುಡ್ಡಿಗೆ ಸಿಗುವಾಗ, ಹೊಸದಾಗಿ ಸಾಲ ಮಾಡಿ ತೆಗೆದ ವೊಲೊಫ್ ಚಿತ್ರಕ್ಕೆ ಅವನೇಕೆ ಒಳ್ಳೆಯ ವಾರ ಬಿಟ್ಟುಕೊಡುತ್ತಾನೆ?

ಟಿಕೆಟ್ಟಿನ ದುಡ್ಡು ಹೊರಗೆ ಹೋಗುತ್ತಿತ್ತು, ಚಿತ್ರ ಮಾಡುವ ದುಡ್ಡು ಹೊರಗಿನಿಂದ ದಾನವಾಗಿ ಬರುತ್ತಿತ್ತು. ಹೊಸ ದೇಶಗಳ ಸಿನಿಮಾದ ಕಷ್ಟವೆಲ್ಲ ಈ ಒಂದು ವಾಕ್ಯದಲ್ಲಿದೆ.

ಇದನ್ನು ಮುರಿಯಲು ಎದ್ದು ನಿಂತದ್ದು ಬಡದೇಶಗಳಲ್ಲೇ ಬಡದೇಶವಾದ ಅಪ್ಪರ್ ವೋಲ್ಟಾ, ಅಂದರೆ ಇಂದಿನ ಬುರ್ಕಿನಾ ಫಾಸೊ. ಕಡಲಿಲ್ಲದ, ಮಳೆ ಕಡಿಮೆಯ ನಾಡು. 1969ರ ಫೆಬ್ರವರಿಯಲ್ಲಿ ರಾಜಧಾನಿ ವಾಗಡೂಗುವಿನ ಸಿನಿಮಾಪ್ರೇಮಿಗಳು ಸೇರಿ ಆಫ್ರಿಕಾದ ಚಿತ್ರಗಳದೇ ಒಂದು ಉತ್ಸವ ನಡೆಸಿದರು. ಅದರ ಸಮಿತಿಯನ್ನು ಮುನ್ನಡೆಸಿದವರು ಅಲಿಮಾತಾ ಸಲಂಬೆರೆ ಎಂಬ ಮಹಿಳೆ. ಮರುವರ್ಷ, 1970ರ ಜನವರಿಯಲ್ಲಿ, ಸರ್ಕಾರ ದೇಶದ ಟಾಕೀಸುಗಳನ್ನು ರಾಷ್ಟ್ರೀಕರಿಸಿತು. ವಶವಾದದ್ದು ಆರೇ ಆರು ಟಾಕೀಸು. ಆರು ಟಾಕೀಸಿಗೆ ಕಂಪನಿಗಳು ಎಷ್ಟು ಬೆದರಿದವೆಂದರೆ ಚಿತ್ರಗಳ ಸರಬರಾಜನ್ನೇ ನಿಲ್ಲಿಸಿದವು. ಒಂದು ದೇಶ ಗೆದ್ದರೆ ಉಳಿದವು ಸುಮ್ಮನಿರುವುದಿಲ್ಲ ಎಂಬುದು ಅವಕ್ಕೆ ಗೊತ್ತಿತ್ತು. ವೋಲ್ಟಾ ಬೇರೆ ಕಡೆಯಿಂದ ಚಿತ್ರ ತಂದಿತು, ಕೊನೆಗೆ ಅದೇ ಕಂಪನಿಗಳ ಜತೆ ಮಾತುಕತೆಗೂ ಕೂರಬೇಕಾಯಿತು. ಆದರೆ ಟಿಕೆಟ್ ದುಡ್ಡಿನ ಒಂದು ಪಾಲನ್ನು ಸ್ವದೇಶಿ ಚಿತ್ರ ನಿರ್ಮಾಣದ ನಿಧಿಗೆ ಎತ್ತಿಡುವ ಪದ್ಧತಿ ಶುರುವಾಯಿತು. ಗಾಸ್ತೊಂ ಕಬೊರೆ ಅವರ ‘ವೆಂಡ್ ಕೂನಿ’ (1982), ಇದ್ರಿಸ್ಸಾ ವೆದ್ರಾವೊಗೊ ಅವರ ‘ಯಾಬಾ’ (1989), ಕಾನ್ ಉತ್ಸವದ ಗ್ರಾಂ ಪ್ರಿ ಗೆದ್ದ ‘ತಿಲಾಯ್’ (1990) ಬಂದದ್ದು ಈ ನೆಲದಿಂದ. ವಾಗಡೂಗುವಿನ ಆ ಉತ್ಸವವೇ ‘ಫೆಸ್ಪಾಕೊ’ ಎಂಬ ಹೆಸರಿನಲ್ಲಿ ಇಡೀ ಖಂಡದ ಹಬ್ಬವಾಗಿ ಬೆಳೆಯಿತು.

ಒಂದೊಂದೇ ದೇಶ ಹೋರಾಡಿದರೆ ಸಾಲದು, ಮಾರುಕಟ್ಟೆ ದೊಡ್ಡದಾಗಬೇಕು ಎಂದು ಆಫ್ರಿಕಾದ ಚಿತ್ರಕರ್ಮಿಗಳ ಒಕ್ಕೂಟ ವಾದಿಸಿತು. ಫಲವಾಗಿ ಹಲವು ಸರ್ಕಾರಗಳು ಸೇರಿ ಜಂಟಿ ವಿತರಣಾ ಸಂಸ್ಥೆಯೊಂದನ್ನು ಕಟ್ಟಿದವು. 1980ರ ಹೊತ್ತಿಗೆ ಅದು ಕೆಲಸಕ್ಕಿಳಿಯಿತು; ನಾಲ್ಕೈದು ವರ್ಷದಲ್ಲಿ ಬಾಗಿಲು ಹಾಕಿತು. ಸದಸ್ಯ ಸರ್ಕಾರಗಳು ಕೊಡಬೇಕಾದ ಹಣ ಸರಿಯಾಗಿ ಕೊಡಲಿಲ್ಲ. ಬಹುಶಃ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸೋಲು ಇದು. ಹೊರಗಿನವರು ಮುರಿದದ್ದಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಅಲ್ಜೀರಿಯಾ 1962ರಲ್ಲಿ ಸ್ವತಂತ್ರವಾಗಿ ಎರಡೇ ವರ್ಷಕ್ಕೆ ಟಾಕೀಸುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ವಿಮೋಚನಾ ಯುದ್ಧದ ನಾಯಕ ಯಾಸೆಫ್ ಸಾದಿ ಅವರ ಕಂಪನಿಯ ಸಹನಿರ್ಮಾಣದಲ್ಲಿ ಇಟಲಿಯ ಜಿಲ್ಲೊ ಪೊಂಟೆಕೊರ್ವೊ ತೆಗೆದ ‘ಬ್ಯಾಟಲ್ ಆಫ್ ಅಲ್ಜಿಯರ್ಸ್’ 1966ರಲ್ಲಿ ವೆನಿಸ್‌ನ ಸುವರ್ಣ ಸಿಂಹ ಗೆದ್ದಿತು. ಸಾದಿ ಅದರಲ್ಲಿ ತಮ್ಮದೇ ಬದುಕನ್ನು ಹೋಲುವ ಪಾತ್ರವನ್ನೂ ಮಾಡಿದರು. 1975ರಲ್ಲಿ ಮೊಹಮ್ಮದ್ ಲಖ್ದರ್ ಹಮೀನಾ ಅವರ ಚಿತ್ರ ಕಾನ್‌ನ ಪಾಮ್ ದೋರ್ ಪಡೆಯಿತು. ತೈಲದ ಹಣವಿದ್ದ ಸರ್ಕಾರಕ್ಕೆ ದೊಡ್ಡ ಕ್ಯಾನ್ವಾಸಿನ ಚಿತ್ರ ಮಾಡಿಸುವುದು ಸಾಧ್ಯವಾಯಿತು. ಆದರೆ ಯುದ್ಧದ ವೀರಗಾಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವ ಸರ್ಕಾರಿ ಆಸೆಯೂ ಅದರ ಜತೆಗೇ ಬಂತು.

ಪೋರ್ಚುಗೀಸರಿಂದ 1975ರಲ್ಲಿ ಬಿಡುಗಡೆಯಾದ ಮೊಜಾಂಬಿಕ್ ಮರುವರ್ಷವೇ ರಾಷ್ಟ್ರೀಯ ಸಿನಿಮಾ ಸಂಸ್ಥೆ ಕಟ್ಟಿತು. ಅಲ್ಲಿ ಕಥಾಚಿತ್ರಕ್ಕಿಂತ ಸುದ್ದಿಚಿತ್ರಕ್ಕೆ ಮಹತ್ವ. ‘ಕುಶಾ ಕನೇಮಾ’ ಎಂಬ ಹತ್ತು ನಿಮಿಷದ ಸುದ್ದಿಚಿತ್ರಗಳನ್ನು ಸಂಚಾರಿ ವ್ಯಾನುಗಳಲ್ಲಿ ಹಳ್ಳಿಗಳಿಗೆ ಒಯ್ದು ತೋರಿಸಿದರು. ಅಧ್ಯಕ್ಷ ಸಮೋರಾ ಮಾಶೆಲ್ 1986ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ, ಅಂತರ್ಯುದ್ಧದ ನಡುವೆ ಸಂಸ್ಥೆ ಸೊರಗಿತು. 1991ರಲ್ಲಿ ಅದರ ಕಟ್ಟಡಕ್ಕೆ ಬೆಂಕಿ ಬಿತ್ತು. ಗಿನಿ ಬಿಸ್ಸಾವ್‌ನಲ್ಲಿ ವಿಮೋಚನಾ ಹೋರಾಟದ ನಾಯಕ ಅಮಿಲ್ಕಾರ್ ಕಬ್ರಾಲ್ ಇನ್ನೂ ಗೆರಿಲ್ಲಾ ಯುದ್ಧ ನಡೆಯುತ್ತಿದ್ದಾಗಲೇ, 1967ರಲ್ಲಿ, ನಾಲ್ವರು ಎಳೆಯರನ್ನು ಸಿನಿಮಾ ಕಲಿಯಲು ಕ್ಯೂಬಾಕ್ಕೆ ಕಳಿಸಿದರು. ದೇಶವೇ ಹುಟ್ಟಿರಲಿಲ್ಲ, ಅದನ್ನು ಚಿತ್ರೀಕರಿಸುವವರು ತಯಾರಾಗುತ್ತಿದ್ದರು. 1973ರ ಸೆಪ್ಟೆಂಬರ್‌ನಲ್ಲಿ ಸ್ವಾತಂತ್ರ್ಯ ಘೋಷಣೆಯಾದಾಗ ಅವರು ಕ್ಯಾಮೆರಾ ಹಿಡಿದಿದ್ದರು, ಕಬ್ರಾಲ್ ಮಾತ್ರ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಅವರ ಕೊಲೆಯಾಗಿತ್ತು.

ನಮ್ಮ ಪಕ್ಕದ ಶ್ರೀಲಂಕಾದ್ದು ಇನ್ನೊಂದು ಬಗೆ. 1947ರ ಮೊದಲ ಸಿಂಹಳ ಮಾತಿನ ಚಿತ್ರ ‘ಕಡವುನು ಪೊರೊಂದುವ’ ತಯಾರಾದದ್ದು ದಕ್ಷಿಣ ಭಾರತದ ಸ್ಟುಡಿಯೊದಲ್ಲಿ. ಸ್ಟುಡಿಯೊದ ಪರದೆ ಬಿಟ್ಟು ಸಿಂಹಳದ ಹಳ್ಳಿಗೇ ಕ್ಯಾಮೆರಾ ಒಯ್ದದ್ದು ಲೆಸ್ಟರ್ ಜೇಮ್ಸ್ ಪೀರಿಸ್, 1956ರ ‘ರೇಖಾವ’ದಲ್ಲಿ. ದಶಕಗಳ ಕಾಲ ಮದರಾಸಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದ ಕನ್ನಡ ಚಿತ್ರರಂಗವನ್ನು ಬಲ್ಲವರಿಗೆ ಆ ಹೊರಟುಬರುವಿಕೆ ಎಷ್ಟು ಕಷ್ಟದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಸೆನೆಗಲ್‌ಗೆ. ಅಲ್ಲಿನ ಮೊದಲ ಅಧ್ಯಕ್ಷ ಲೆಯೊಪೋಲ್ಡ್ ಸೆಂಗೋರ್ ದೊಡ್ಡ ಕವಿ, ಕಲೆಗೆ ಕೈಬಿಚ್ಚಿ ಕೊಟ್ಟವರು. 1970ರ ದಶಕದಲ್ಲಿ ಅವರ ಸರ್ಕಾರ ಸಿನಿಮಾ ನಿಗಮ ಸ್ಥಾಪಿಸಿತು. ಆಗ ದಕಾರ್‌ನಲ್ಲಿ ನಿಜವಾದ ಸುಗ್ಗಿ. ಜಿಬ್ರಿಲ್ ದಿಯೊಪ್ ಮಾಂಬೆತಿ 1973ರಲ್ಲಿ ‘ತೂಕಿ ಬೂಕಿ’ ಮಾಡಿದರು. ಕೊಂಬು ಕಟ್ಟಿದ ಬೈಕು ಏರಿ ಪ್ಯಾರಿಸ್ಸಿಗೆ ಓಡಿಹೋಗುವ ಕನಸಿನ ಜೋಡಿಯ ಆ ಚಿತ್ರ ಸೆಂಬೆನ್ ಶೈಲಿಗೆ ಸಂಪೂರ್ಣ ವಿರುದ್ಧ ದಿಕ್ಕಿನದು, ಅಷ್ಟೇ ಗಟ್ಟಿಯಾದದ್ದು. ಸಾಫಿ ಫಾಯ್ 1975ರಲ್ಲಿ ‘ಕದ್ದು ಬೇಕಟ್’ ಮಾಡಿದರು. ಶೇಂಗಾ ಒಂದನ್ನೇ ಬೆಳೆದು ಸಾಲದಲ್ಲಿ ಮುಳುಗಿದ ಹಳ್ಳಿಯ ರೈತರನ್ನು ಮಾತಾಡಿಸಿದ ಚಿತ್ರ ಅದು.

ಆದರೆ ಸ್ವದೇಶಿ ಕತ್ತರಿಯೂ ಹರಿತವಾಗಿಯೇ ಇತ್ತು. ಸಾಫಿ ಫಾಯ್ ಚಿತ್ರಕ್ಕೆ ಸೆನೆಗಲ್‌ನಲ್ಲಿ ತಡೆ ಬಿತ್ತು. ಸೆಂಬೆನ್ ಅವರ ‘ಜಾಲಾ’ (1975) ಹೊಸ ಶ್ರೀಮಂತರನ್ನು ಬತ್ತಲೆ ಮಾಡಿದ ಚಿತ್ರ: ವಾಣಿಜ್ಯ ಮಂಡಳಿಯಿಂದ ಬಿಳಿಯರನ್ನು ಹೊರಹಾಕಿದ ಮಹನೀಯರು ಮರುಗಳಿಗೆಯಲ್ಲೇ ಅದೇ ಬಿಳಿಯರು ತಂದ ನೋಟಿನ ಪೆಟ್ಟಿಗೆಗಳನ್ನು ತೆರೆದು ನೋಡುತ್ತಾರೆ, ನಾಯಕನ ಬೆಂಜ್ ಕಾರಿಗೆ ಫ್ರಾನ್ಸಿನಿಂದ ತಂದ ಬಾಟಲಿ ನೀರು. ಸೆನ್ಸಾರಿನವರು ಹಲವು ಕಡೆ ಕತ್ತರಿಸಿದರು. ಸೆಂಬೆನ್ ಸುಮ್ಮನಾಗಲಿಲ್ಲ, ಕತ್ತರಿಸಿದ ದೃಶ್ಯಗಳಲ್ಲಿ ಏನಿತ್ತೆಂದು ಕರಪತ್ರ ಅಚ್ಚು ಹಾಕಿಸಿ ಹಂಚಿಸಿದರು. 1977ರ ‘ಸೆದ್ದೊ’ ಚಿತ್ರಕ್ಕೆ ಇದೂ ದಕ್ಕಲಿಲ್ಲ. ಇಸ್ಲಾಮಿನ ಪ್ರವೇಶ, ಗುಲಾಮ ವ್ಯಾಪಾರ, ಕ್ರೈಸ್ತ ಮಿಷನ್ ಮೂರನ್ನೂ ಒಟ್ಟಿಗೆ ಪ್ರಶ್ನಿಸಿದ ಆ ಚಿತ್ರವನ್ನು, ಹೆಸರಿನ ಕಾಗುಣಿತ ತಪ್ಪಿದೆ ಎಂಬ ನೆಪ ಮುಂದಿಟ್ಟು, ವರ್ಷಗಟ್ಟಲೆ ತೆರೆಗೆ ಬಿಡಲಿಲ್ಲ. ಕವಿಯೊಬ್ಬ ಆಳುತ್ತಿದ್ದಾಗ ಹೀಗಾಯಿತು ಎನ್ನುವುದು ಮನಸ್ಸಿಗೆ ಇನ್ನಷ್ಟು ಚುಚ್ಚುತ್ತದೆ.

ಫ್ರಾನ್ಸಿನ ಹಣವಿಲ್ಲದೆ ಚಿತ್ರ ಮಾಡಲು ಸಾಧ್ಯವೇ? 1988ರ ‘ಕಾಂ ದ ತ್ಯಾರೊಯ್’ ಅದಕ್ಕೆ ಉತ್ತರ. 1944ರ ಡಿಸೆಂಬರ್ 1ರಂದು, ಯುದ್ಧ ಮುಗಿಸಿ ಬಂದ ಆಫ್ರಿಕನ್ ಸೈನಿಕರು ತಮ್ಮ ಬಾಕಿ ಸಂಬಳ ಕೇಳಿದ್ದಕ್ಕೆ ದಕಾರ್ ಪಕ್ಕದ ತ್ಯಾರೊಯ್ ಶಿಬಿರದಲ್ಲಿ ಫ್ರೆಂಚ್ ಸೈನ್ಯ ಗುಂಡು ಹಾರಿಸಿತು. ಆ ಕಥೆಯನ್ನು ಸೆಂಬೆನ್ ಮತ್ತು ತ್ಯೆರ್ನೊ ಫಾತಿ ಸೊ ಸೆನೆಗಲ್, ಅಲ್ಜೀರಿಯಾ, ಟ್ಯುನೀಶಿಯಗಳ ಜಂಟಿ ಹಣದಲ್ಲಿ ಮಾಡಿದರು. ವೆನಿಸ್‌ನಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಫ್ರಾನ್ಸಿನಲ್ಲಿ ಮಾತ್ರ ಬಹುಕಾಲ ಜನರಿಗೆ ನೋಡಲು ಸಿಗಲಿಲ್ಲ. ಅದು ನರಮೇಧವೇ ಹೌದೆಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ. ಚಿತ್ರ ಆ ಹೊತ್ತಿಗೆ ಮೂವತ್ತಾರು ವರ್ಷ ಹಳೆಯದು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1980ರ ದಶಕದಲ್ಲಿ ಸಾಲ ಕೊಟ್ಟ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ಷರತ್ತುಗಳಿಗೆ ತಲೆಬಾಗಿ ಸರ್ಕಾರಗಳು ಸಿನಿಮಾ ನಿಗಮಗಳನ್ನು ಮುಚ್ಚಿದವು. 1994ರ ಜನವರಿಯಲ್ಲಿ ಈ ಭಾಗದ ಹಲವು ದೇಶಗಳ ನಾಣ್ಯವಾದ ಸಿಎಫ್‌ಎ ಫ್ರಾಂಕಿನ ಬೆಲೆ ಒಂದೇ ಏಟಿಗೆ ಅರ್ಧಕ್ಕಿಳಿಯಿತು. ಹೊರಗಿನಿಂದ ತರಿಸುವ ಫಿಲ್ಮ್ ರೀಲಿಗೂ ಲ್ಯಾಬಿಗೂ ದುಪ್ಪಟ್ಟು ದುಡ್ಡು. ಟಾಕೀಸುಗಳು ಗೋದಾಮುಗಳಾದವು, ಅಂಗಡಿಸಾಲುಗಳಾದವು. ಅದೇ ಹೊತ್ತಿಗೆ ಸರ್ಕಾರವನ್ನೂ ಕೇಳದೆ, ಫಿಲ್ಮನ್ನೂ ಮುಟ್ಟದೆ ನೈಜೀರಿಯಾದ ವ್ಯಾಪಾರಿಗಳು ವಿಡಿಯೊ ಕ್ಯಾಸೆಟ್ಟಿನಲ್ಲಿ ಚಿತ್ರ ಮಾಡಿ ಮಾರುಕಟ್ಟೆಯಲ್ಲಿ ಮಾರತೊಡಗಿದರು; 1992ರ ‘ಲಿವಿಂಗ್ ಇನ್ ಬಾಂಡೇಜ್’ನಿಂದ ನಾಲಿವುಡ್ ದೊಡ್ಡ ಉದ್ಯಮವಾಗಿ ಬೆಳೆಯಿತು. ಟಾಕೀಸು ಯಾರದೆಂಬ ಹಳೆಯ ಜಗಳವನ್ನು ಅವರು ಟಾಕೀಸನ್ನೇ ಬಿಟ್ಟು ಗೆದ್ದರು.

ಸೆಂಬೆನ್ 2007ರ ಜೂನ್‌ನಲ್ಲಿ ದಕಾರ್‌ನಲ್ಲಿ ತೀರಿಕೊಂಡರು. ಕೊನೆಯ ಚಿತ್ರ ‘ಮೂಲಾದೆ’ (2004) ಮಾಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಮಾಂಬೆತಿ ಅವರ ಸೋದರನ ಮಗಳು ಮತಿ ದಿಯೊಪ್ 2019ರಲ್ಲಿ ‘ಅಟ್ಲಾಂಟಿಕ್ಸ್’ ಚಿತ್ರಕ್ಕೆ ಕಾನ್‌ನ ಗ್ರಾಂ ಪ್ರಿ, 2024ರಲ್ಲಿ ‘ದಹೊಮಿ’ಗೆ ಬರ್ಲಿನ್‌ನ ಸುವರ್ಣ ಕರಡಿ ಗೆದ್ದರು. ಸೆನೆಗಲ್ ಸರ್ಕಾರ ಚಿತ್ರನಿರ್ಮಾಣಕ್ಕೆ ಮತ್ತೆ ನಿಧಿ ಇಟ್ಟಿದೆ. ಆದರೆ 2017ರಲ್ಲಿ ದಕಾರ್‌ನಲ್ಲಿ ಎದ್ದ ಹೊಸ ಚಿತ್ರಮಂದಿರವನ್ನು ಕಟ್ಟಿದ್ದು ಮತ್ತೆ ಒಂದು ಫ್ರೆಂಚ್ ಉದ್ಯಮ ಸಮೂಹವೇ.

ಹಳೆಯ ಚಿತ್ರಗಳ ಉಳಿವಿನ ಪ್ರಶ್ನೆಯೂ ಇದಕ್ಕೆ ಹೊರತಲ್ಲ. ಮೂಲ ನೆಗೆಟಿವ್‌ಗಳಲ್ಲಿ ಬಹುಪಾಲು ಯುರೋಪಿನ ಲ್ಯಾಬುಗಳಲ್ಲೇ ಉಳಿದವು, ಏಕೆಂದರೆ ತೊಳೆದದ್ದು ಅಲ್ಲಿ. ಮಾರ್ಟಿನ್ ಸ್ಕೊರ್ಸೆಸಿ ಅವರ ಫಿಲ್ಮ್ ಫೌಂಡೇಶನ್, ಆಫ್ರಿಕಾದ ಚಿತ್ರಕರ್ಮಿಗಳ ಒಕ್ಕೂಟ ಮತ್ತು ಯುನೆಸ್ಕೊ ಸೇರಿ 2017ರಲ್ಲಿ ಐವತ್ತು ಆಫ್ರಿಕನ್ ಚಿತ್ರಗಳನ್ನು ಪುನರುಜ್ಜೀವಗೊಳಿಸುವ ಯೋಜನೆ ಹಾಕಿಕೊಂಡವು. ಸೆಂಬೆನ್ ಅವರ ಮುಖ್ಯ ಚಿತ್ರಗಳೂ ‘ತೂಕಿ ಬೂಕಿ’ಯೂ ಈಗ ಒಳ್ಳೆಯ ಪ್ರತಿಗಳಲ್ಲಿ ಸಿಗುತ್ತವೆ.

ಕರ್ನಾಟಕದ ಚಿತ್ರಸಮಾಜಗಳಿಗೆ ಇದು ಒಳ್ಳೆಯ ಅವಕಾಶ. ಸೆಂಬೆನ್ ತಮ್ಮ ಚಿತ್ರಗಳನ್ನು ಹಳ್ಳಿಹಳ್ಳಿಗೆ ಒಯ್ದು, ತೋರಿಸಿ, ಜನರ ಜತೆ ಕೂತು ಚರ್ಚಿಸುತ್ತಿದ್ದ ಕಾಲದಲ್ಲೇ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಬಳಗ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ರೈತರಿಗೆ ತೋರಿಸಿ ಮಾತಾಡಿಸಿತ್ತು. ಆ ಪರಂಪರೆ ನಮ್ಮಲ್ಲಿದೆ. ಜಿಲ್ಲಾ ಕೇಂದ್ರಗಳ ಚಿತ್ರಸಮಾಜಗಳು, ಕಾಲೇಜುಗಳ ಸಿನಿಮಾ ಬಳಗಗಳು ಈ ವರ್ಷ ಒಂದು ವಾರಾಂತ್ಯವನ್ನು ಆಫ್ರಿಕಾದ ಈ ಚಿತ್ರಗಳಿಗೆ ಮೀಸಲಿಡಲಿ, ಕನ್ನಡ ಅಡಿಬರಹ ಹಾಕಿ ತೋರಿಸಲಿ. ಮೊದಲ ದಿನ ‘ಮಂದಾಬಿ’ ಇಟ್ಟುಕೊಂಡರೆ ವಿವರಣೆ ಕೊಡುವ ಭಾಷಣಕಾರರು ಬೇಕಾಗುವುದಿಲ್ಲ.